ಮಳೆಗಾಲದ ನಾಲ್ಕು ತಿಂಗಳು ಫೈಬರ್ ದೋಣಿಯನ್ನೂ ಔಟ್‌ಬೋರ್ಡ್ ಎಂಜಿನ್ನನ್ನೂ ಹೇಗೆ ಇಡಬೇಕು?

ಪ್ರಶ್ನೆ – ಪಂಚಗಂಗಾವಳಿ_ದಡ (ಕುಂದಾಪುರ / ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಕುಂದಾಪುರದಲ್ಲಿ, ಪಂಚಗಂಗಾವಳಿಯ ಹಿನ್ನೀರಿಗೆ ಸಮೀಪದಲ್ಲಿ ನಮ್ಮ ಹಿರಿಯರ ಮನೆಯಿದೆ. ಎರಡು ವರ್ಷಗಳ ಹಿಂದೆ ಹದಿನಾರು ಅಡಿ ಉದ್ದದ ಫೈಬರ್ ದೋಣಿಯೊಂದನ್ನೂ, 20 ಅಶ್ವಶಕ್ತಿಯ, ಕಾರ್ಬ್ಯುರೇಟರ್ ಇರುವ ಫೋರ್ ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್ನನ್ನೂ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡೆ. ಮೀನುಗಾರಿಕೆ ನಮ್ಮ ಕಸುಬಲ್ಲ. ದಸರೆ ಕಳೆದ ಮೇಲೆ ಮೇ ಮಧ್ಯದವರೆಗೆ, ಊರಿಗೆ ಬಂದಾಗಲೆಲ್ಲ ಮಕ್ಕಳನ್ನು ಕೂರಿಸಿಕೊಂಡು ಗಂಗೊಳ್ಳಿ ಅಳಿವೆಯ ಈಚೆಗಿನ ನೀರಿನಲ್ಲಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಸುತ್ತಿ ಬರುವುದಷ್ಟೇ ಅದರ ಕೆಲಸ.

ಕಳೆದ ಮಳೆಗಾಲದಲ್ಲಿ ದೋಣಿಯನ್ನು ಅಂಗಳಕ್ಕೆ ಎಳೆದು, ನಾಲ್ಕು ಹಳೆಯ ಟೈರುಗಳ ಮೇಲೆ ಕೂರಿಸಿ, ಎಂಜಿನ್ನನ್ನು ಅದರಲ್ಲೇ ಮೇಲಕ್ಕೆ ಎತ್ತಿಟ್ಟು, ನೀಲಿ ಟಾರ್ಪಾಲಿನಿಂದ ನೆಲದವರೆಗೆ ಬಿಗಿಯಾಗಿ ಸುತ್ತಿ ಕಟ್ಟಿದ್ದೆ. ಗಾಳಿಮಳೆ ಒಳಗೆ ಹೋಗದಿದ್ದರೆ ಸಾಕೆಂಬುದು ನನ್ನ ಎಣಿಕೆಯಾಗಿತ್ತು. ಅಕ್ಟೋಬರಿನಲ್ಲಿ ಬಿಚ್ಚಿದಾಗ ಸೀಟುಗಳ ತುಂಬ ಬೂಸಲು ಬೆಳೆದಿತ್ತು, ತಳದಲ್ಲಿ ಗೇಣು ಎತ್ತರ ಕಪ್ಪು ನೀರು ನಿಂತಿತ್ತು. ಕಾರ್ಬ್ಯುರೇಟರ್ ಕಟ್ಟಿಹೋಗಿತ್ತು, ಗೇರ್ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು, ಬ್ಯಾಟರಿ ಪೂರ್ತಿ ಸತ್ತಿತ್ತು. ಇವನ್ನೆಲ್ಲ ರಿಪೇರಿ ಮಾಡಿಸಿ ಈ ಋತುವನ್ನು ಕಳೆದೆ. ಆದರೆ ಎಂಜಿನ್ ಕೂರುವ ಹಿಂಬದಿಯ ಹಲಗೆ, ಅಂದರೆ ಟ್ರಾನ್ಸಮ್, ಈಗ ಒತ್ತಿದರೆ ಸ್ವಲ್ಪ ಮೆತ್ತಗಿರುವಂತೆ ಕೈಗೆ ತಿಳಿಯುತ್ತಿದೆ.

ನಾನು ಬೆಂಗಳೂರಿನಲ್ಲಿರುವುದರಿಂದ ಮಳೆಗಾಲದಲ್ಲಿ ಹೆಚ್ಚೆಂದರೆ ತಿಂಗಳಿಗೊಮ್ಮೆ ಊರಿಗೆ ಬರಬಲ್ಲೆ. ಮನೆಯಲ್ಲಿರುವ ತಾಯಿಗೆ ಈ ಕೆಲಸ ಹೊರಿಸುವಂತಿಲ್ಲ. ಆದ್ದರಿಂದ ಒಂದು ತಿಂಗಳು ಯಾರೂ ನೋಡದಿದ್ದರೂ ಕೆಡದಂತೆ ಇಡುವ ಕ್ರಮ ಬೇಕಾಗಿದೆ. ದೋಣಿಯನ್ನು ನೀರಿನಲ್ಲೇ ಲಂಗರು ಹಾಕಿ ಬಿಡಬಹುದೆಂದು ನೆರೆಯವರೊಬ್ಬರು ಹೇಳುತ್ತಾರೆ; ಅದು ಸರಿಯೇ? ಇನ್ನೊಂದು ವಿಷಯ: ಅಜ್ಜನ ಕಾಲದ, ಮಾವಿನ ಮರದ ಒಂದು ಸಣ್ಣ ಪಾತಿ ದೋಣಿ ಕೊಟ್ಟಿಗೆಯಲ್ಲಿ ಒಣಗಿ ಬಿದ್ದಿದೆ. ಅದನ್ನು ಉಳಿಸಿಕೊಳ್ಳಬೇಕೆಂಬ ಆಸೆ ನನಗೆ ಫೈಬರ್ ದೋಣಿಗಿಂತ ಹೆಚ್ಚಾಗಿಯೇ ಇದೆ.

ಉತ್ತರ – ಎಂಜಿನ್_ಕೊಟ್ಟಿಗೆ (ಮಲ್ಪೆ)

ಎಂಜಿನ್ನಿನ ಬಗ್ಗೆ ನಾನು ಹೇಳುತ್ತೇನೆ. ದೋಣಿಯ ಮೈ ಬಲ್ಲವರು ಉಳಿದದ್ದನ್ನು ಹೇಳಲಿ.

ಮೊದಲನೆಯದಾಗಿ, ಆ ಟ್ರಾನ್ಸಮ್ ಮೆತ್ತಗಾಗಿರುವುದು ನಿಜವಾದರೆ ಎಂಜಿನ್ನನ್ನು ಈಗಲೇ ಇಳಿಸಿಬಿಡಿ. ಹಾಗಾಗದಿದ್ದರೂ ಇಳಿಸಬೇಕೆಂದೇ ಹೇಳುತ್ತಿದ್ದೆ. ಐವತ್ತು ಕಿಲೋ ಆಸುಪಾಸಿನ ಭಾರವನ್ನು ಇಬ್ಬರು ಹೊತ್ತು ಒಳಗಿಡಬಹುದಾದಾಗ, ನಾಲ್ಕು ತಿಂಗಳು ಅದನ್ನು ಹಿಂಬದಿಯ ಹಲಗೆಗೆ ಜೋತು ಬಿಡುವುದರಲ್ಲಿ ಯಾವ ಲಾಭವೂ ಇಲ್ಲ. ಎಂಜಿನ್ನನ್ನು ಮೇಲಕ್ಕೆ ಎತ್ತಿಟ್ಟಿದ್ದರಿಂದ ಪ್ರೊಪೆಲರಿನ ನಡುಭಾಗ ಆಕಾಶ ನೋಡುವ ಬಟ್ಟಲಿನಂತಾಗಿ ನೀರು ಹಿಡಿಯುತ್ತದೆ, ಆ ನೀರು, ಗೇರುಗಳಿರುವ ಭಾಗಕ್ಕೆ ನೀರು ನುಗ್ಗದಂತೆ ತಡೆಯುವ ಸೀಲಿನ ಪಕ್ಕದಲ್ಲೇ ವಾರಗಟ್ಟಲೆ ನಿಲ್ಲುತ್ತದೆ. ಇಳಿಸಿದ ಎಂಜಿನ್ನನ್ನು ಮರದ ಗಟ್ಟಿ ಸ್ಟ್ಯಾಂಡಿನ ಮೇಲೆ, ದೋಣಿಯಲ್ಲಿ ಓಡುವಾಗ ಇರುವಂತೆಯೇ ನೆಟ್ಟಗೆ ನಿಲ್ಲಿಸಿ. ನೆಟ್ಟಗಿದ್ದರೆ ಒಳಗಿನ ತಂಪುಗೊಳಿಸುವ ನೀರು ತಾನಾಗಿಯೇ ಇಳಿದುಹೋಗುತ್ತದೆ. ಸಾಗಿಸುವಾಗ ಮಲಗಿಸಲೇಬೇಕಾದರೆ ತಯಾರಕರ ಕೈಪಿಡಿಯಲ್ಲಿ ಹೇಳಿರುವ ಮಗ್ಗುಲಿಗೇ ಮಲಗಿಸಿ. ಫೋರ್ ಸ್ಟ್ರೋಕ್ ಎಂಜಿನ್ನನ್ನು ತಪ್ಪು ಮಗ್ಗುಲಿಗೆ ಮಲಗಿಸಿದರೆ ಎಂಜಿನ್ ಆಯಿಲ್ ಸಿಲಿಂಡರಿಗೆ ಹರಿಯುತ್ತದೆ.

ಇಳಿಸುವ ಮುನ್ನ ಸಿಹಿನೀರಿನಲ್ಲಿ ಹತ್ತು ಹದಿನೈದು ನಿಮಿಷ ಓಡಿಸಬೇಕು. ದೊಡ್ಡ ಡ್ರಮ್ಮಿನಲ್ಲಿ ಎಂಜಿನ್ನಿನ ಕಾಲು, ಅಂದರೆ ಪ್ರೊಪೆಲರ್ ಇರುವ ಕೆಳಭಾಗ, ಮುಳುಗಿಸಿಯಾದರೂ ಸರಿ, ನೀರು ಒಳಹೋಗುವ ಬಾಯಿಗೆ ಪೈಪಿನ ರಬ್ಬರ್ ಮುಚ್ಚಳ ಕಟ್ಟಿಯಾದರೂ ಸರಿ. ಎರಡು ನಿಮಿಷ ಓಡಿಸಿ ನಿಲ್ಲಿಸಿದರೆ ಪ್ರಯೋಜನವಿಲ್ಲ. ಎಂಜಿನ್ ಬಿಸಿಯಾಗಿ ಥರ್ಮೋಸ್ಟಾಟ್ ತೆರೆದುಕೊಂಡರೆ ಮಾತ್ರ ಸಿಲಿಂಡರಿನ ಸುತ್ತಲಿನ ದಾರಿಗಳಿಗೆ ಸಿಹಿನೀರು ತಲುಪಿ ಉಪ್ಪು ಕರಗುತ್ತದೆ. ಇಲ್ಲಿ ನಮ್ಮ ಕರಾವಳಿಯವರು ಮರೆಯುವ ಮಾತೊಂದಿದೆ: ಏಪ್ರಿಲ್, ಮೇ ತಿಂಗಳಲ್ಲಿ ದಡದ ಬಾವಿಗಳ ನೀರೇ ಉಪ್ಪಾಗಿರುತ್ತದೆ. ಬಾಯಿಗೆ ಹಾಕಿ ನೋಡಿ. ಸಪ್ಪೆಯಿಲ್ಲದಿದ್ದರೆ ನಳ್ಳಿ ನೀರನ್ನೋ ಒಳನಾಡಿನ ಬಾವಿಯ ನೀರನ್ನೋ ತಂದು ಡ್ರಮ್ ತುಂಬಿಸಿ. ಪಕ್ಕದ ಸಣ್ಣ ತೂತಿನಿಂದ ನೀರಿನ ಎಳೆ ಚೆನ್ನಾಗಿ ಚಿಮ್ಮುತ್ತಿದೆಯೇ ಎಂಬುದನ್ನು ಆಗಲೇ ಗಮನಿಸಿ. ನೀರಿಲ್ಲದೆ ಅರೆ ನಿಮಿಷವೂ ಓಡಿಸಬೇಡಿ, ಪಂಪಿನ ರಬ್ಬರ್ ಇಂಪೆಲರ್ ಸುಟ್ಟುಹೋಗುತ್ತದೆ.

ಕೊನೆಯಲ್ಲಿ ಪೆಟ್ರೋಲ್ ಪೈಪನ್ನು ಕಳಚಿ, ಎಂಜಿನ್ ತಾನಾಗಿ ನಿಲ್ಲುವ ಹೊತ್ತಿಗೆ ಕಾರ್ಬ್ಯುರೇಟರಿನ ಬಾಯಿಗೆ ಒಳಗೆ ತುಕ್ಕು ಹಿಡಿಯದಂತೆ ಕಾಯುವ ಫಾಗಿಂಗ್ ಆಯಿಲ್ ಸಿಂಪಡಿಸಿ. ಆಮೇಲೂ ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ಒಂದಿಷ್ಟು ಪೆಟ್ರೋಲ್ ಉಳಿದಿರುತ್ತದೆ. ಕೆಳಗಿನ ತಿರುಪನ್ನು ಸಡಿಲಿಸಿ ಅದನ್ನೂ ಬಸಿಯಿರಿ. ನಿಮ್ಮ ಕಾರ್ಬ್ಯುರೇಟರ್ ಕಟ್ಟಿದ್ದು ಈ ಉಳಿಕೆಯಿಂದಲೇ. ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್, ಆದರೆ ಬಹುತೇಕ ಔಟ್‌ಬೋರ್ಡ್ ತಯಾರಕರು ಒಪ್ಪುವುದು ಶೇ. 10ರವರೆಗೆ ಮಾತ್ರ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಹೀರಿದ್ದು ಹೆಚ್ಚಾದಾಗ ನೀರು ಮತ್ತು ಎಥನಾಲ್ ಕೂಡಿ ಬೇರ್ಪಟ್ಟು ತಳಕ್ಕೆ ಇಳಿದು, ಅಲ್ಲಿರುವ ಲೋಹವನ್ನು ತಿನ್ನುತ್ತದೆ. ಋತು ನಡೆಯುತ್ತಿರುವಾಗ ಟ್ಯಾಂಕಿನ ಪೆಟ್ರೋಲನ್ನು ವಾರಗಟ್ಟಲೆ ಉಳಿಸಿಕೊಳ್ಳಬೇಡಿ, ಮಳೆಗಾಲಕ್ಕಂತೂ ಪೂರ್ತಿ ಖಾಲಿ ಮಾಡಿ. ನಿಮ್ಮದು ಫೋರ್ ಸ್ಟ್ರೋಕ್ ಆದ್ದರಿಂದ ಪೆಟ್ರೋಲಿನಲ್ಲಿ ಆಯಿಲ್ ಬೆರೆತಿರುವುದಿಲ್ಲ. ಉಳಿದದ್ದನ್ನು ಸೋಸಿ ಸ್ಕೂಟರಿಗೆ ಹಾಕಿಕೊಳ್ಳಬಹುದು.

ಗೇರ್ ಆಯಿಲನ್ನು ಮಳೆಗಾಲ ಮುಗಿದ ಮೇಲೆ ಬದಲಿಸುವವರಿದ್ದಾರೆ. ಅದು ತಲೆಕೆಳಗಾದ ಕ್ರಮ. ಒಳಗೆ ನೀರು ಸೇರಿದ್ದರೆ ಆ ನೀರು ನಾಲ್ಕು ತಿಂಗಳು ಗೇರುಗಳನ್ನೂ ಬೇರಿಂಗನ್ನೂ ತುಕ್ಕು ಹಿಡಿಸುತ್ತದೆ. ಆದ್ದರಿಂದ ಇಡುವ ಮುನ್ನವೇ ಬಸಿದು, ಕೆಳಗಿನ ತೂತಿನಿಂದ ಹೊಸ ಆಯಿಲ್ ತುಂಬಿ, ಮೇಲಿನ ತೂತಿನಲ್ಲಿ ಗುಳ್ಳೆಯಿಲ್ಲದೆ ಉಕ್ಕಿದ ಮೇಲೆ ಹೊಸ ವಾಷರಿನೊಂದಿಗೆ ಮುಚ್ಚಿ. ಆಯಿಲ್ ಕಾಫಿಯ ಬಣ್ಣಕ್ಕೆ ತಿರುಗಿತ್ತೆಂದರೆ ಸೀಲ್ ಹೋಗಿದೆಯೆಂದೇ ಅರ್ಥ. ಪ್ರೊಪೆಲರನ್ನು ಬಿಚ್ಚಿ ಶಾಫ್ಟನ್ನು ನೋಡಿ. ಅಳಿವೆಯ ನೀರಿನಲ್ಲಿ ತೇಲುವ ಗಾಳದ ನೈಲಾನ್ ದಾರ ಅಲ್ಲಿ ಸುತ್ತಿಕೊಂಡು ಸೀಲನ್ನು ಕೊಯ್ದಿರುವುದನ್ನು ನಾನು ಲೆಕ್ಕವಿಲ್ಲದಷ್ಟು ಸಲ ಕಂಡಿದ್ದೇನೆ. ಆಯಿಲ್ ಬರೇ ಬದಲಿಸಿ ಸೀಲ್ ಬಿಟ್ಟರೆ ಮುಂದಿನ ವರ್ಷವೂ ಅದೇ ಕಾಫಿ ಬಣ್ಣವೇ ಬರುತ್ತದೆ. ಎಂಜಿನ್ ಆಯಿಲನ್ನೂ ಈಗಲೇ ಬದಲಿಸಿ, ಏಕೆಂದರೆ ಬಳಸಿದ ಆಯಿಲಿನಲ್ಲಿ ಆಮ್ಲದ ಅಂಶವಿರುತ್ತದೆ.

ಸವೆಯಲೆಂದೇ ಇಟ್ಟಿರುವ ಲೋಹದ ತುಂಡುಗಳು, ಅಂದರೆ ಆನೋಡುಗಳು, ಅರ್ಧಕ್ಕಿಂತ ಹೆಚ್ಚು ಕರಗಿದ್ದರೆ ಹೊಸದು ಹಾಕಿ. ಸಿಹಿ ಉಪ್ಪು ಬೆರೆತ ನಿಮ್ಮ ನೀರಿಗೆ ಸತುವಿಗಿಂತ ಅಲ್ಯೂಮಿನಿಯಂ ಆನೋಡ್ ಒಳ್ಳೆಯದು. ಅದರ ಮೇಲೆ ಬಣ್ಣ ಬಳಿಯಬೇಡಿ. ಬ್ಯಾಟರಿಯನ್ನು ಕಳಚಿ ಪೂರ್ತಿ ಚಾರ್ಜ್ ಮಾಡಿ ಮನೆಯೊಳಗಿಡಿ. ತಿಂಗಳಿಗೊಮ್ಮೆ ಬಂದಾಗ ಅಳೆದು, 12.4 ವೋಲ್ಟಿಗಿಂತ ಇಳಿದಿದ್ದರೆ ಮತ್ತೆ ಚಾರ್ಜ್ ಮಾಡಿ. ಎಂಜಿನ್ನಿಗೆ ಹಳೆಯ ಹತ್ತಿ ಬಟ್ಟೆ ಹೊದಿಸಿದರೆ ಸಾಕು, ಪ್ಲಾಸ್ಟಿಕ್ ಖಂಡಿತ ಬೇಡ.

ಉತ್ತರ – ನಾರುಗಾಜು (ಮಂಗಳೂರು)

ಫೈಬರ್ ದೋಣಿಗಳನ್ನು ಕಟ್ಟುವ ಮತ್ತು ರಿಪೇರಿ ಮಾಡುವ ಕೆಲಸದಲ್ಲಿ ಹಲವು ವರ್ಷ ಇದ್ದವನು ನಾನು. ನಿಮ್ಮ ದೋಣಿ ಕೆಟ್ಟದ್ದು ಮಳೆ ಒಳಗೆ ಬಂದದ್ದರಿಂದ ಅಲ್ಲ, ಒಳಗೆ ಬಂದದ್ದು ಹೊರಗೆ ಹೋಗಲು ದಾರಿಯಿಲ್ಲದ್ದರಿಂದ. ಜುಲೈಯಲ್ಲಿ ನಮ್ಮ ಗಾಳಿಯ ತೇವಾಂಶ ಶೇ. 90ರ ಆಸುಪಾಸಿನಲ್ಲಿರುವಾಗ ನೆಲದವರೆಗೆ ಬಿಗಿದ ಟಾರ್ಪಾಲಿನೊಳಗೆ ಹನಿಯಷ್ಟೂ ಮಳೆ ಬೀಳದಿದ್ದರೂ ಬೂಸಲು ಬಂದೇ ಬರುತ್ತದೆ. ನೆಲದ ತೇವವೇ ಆವಿಯಾಗಿ ಮೇಲೇರಿ, ರಾತ್ರಿ ತಂಪಾದಾಗ ಟಾರ್ಪಾಲಿನ ಒಳಮೈಯಿಂದ ತೊಟ್ಟಿಕ್ಕುತ್ತದೆ.

ನೀರಿನಲ್ಲಿ ಬಿಡುವ ಮಾತನ್ನು ಮನಸ್ಸಿನಿಂದ ತೆಗೆದುಹಾಕಿ. ನಿಮ್ಮ ದೋಣಿಯ ತೆರೆದ ಬಾಯಿ ಸುಮಾರು ಆರು ಚದರ ಮೀಟರ್ ಇದ್ದೀತು. ಒಂದು ದಿನ 100 ಮಿ.ಮೀ. ಮಳೆ ಸುರಿದರೆ, ಅದು ಉಡುಪಿ ಜಿಲ್ಲೆಯ ಆಷಾಢದಲ್ಲಿ ಅಪರೂಪದ ಮಾತಲ್ಲ, ಒಳಗೆ 600 ಲೀಟರ್, ಅಂದರೆ 600 ಕಿಲೋ ನೀರು ಸೇರುತ್ತದೆ. ಪಂಪ್ ಇಟ್ಟರೂ ಬಿಸಿಲಿಲ್ಲದ ವಾರಗಳಲ್ಲಿ ಸೋಲಾರ್ ಫಲಕ ಬ್ಯಾಟರಿಯನ್ನು ತುಂಬಿಸದು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಕೇದಕ ಈ ಐದೂ ನದಿಗಳು ಘಟ್ಟದ ನೆರೆಯನ್ನು ಹೊತ್ತು ಅದೇ ಅಳಿವೆಗೆ ಬರುವಾಗ ಮರದ ದಿಮ್ಮಿಗಳೂ ಬರುತ್ತವೆ. ಬಂದರಿನ ದೊಡ್ಡ ಬೋಟುಗಳು ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧದಲ್ಲಿ ನೀರಲ್ಲೇ ನಿಲ್ಲುತ್ತವೆಯಲ್ಲ ಎಂದು ನಿಮ್ಮ ನೆರೆಯವರು ಹೇಳಬಹುದು. ಅವುಗಳಿಗೆ ಡೆಕ್ ಇದೆ, ನೋಡಿಕೊಳ್ಳುವ ಜನರಿದ್ದಾರೆ. ತೆರೆದ ದೋಣಿಗೆ ಎರಡೂ ಇಲ್ಲ.

ಅಂಗಳದಲ್ಲಿ ಇಡುವ ಜಾಗ ನೆರೆ ಏರಿದ ಗುರುತಿಗಿಂತ ಮೇಲಿರಬೇಕು, ತೆಂಗಿನ ಮರದ ಕೆಳಗಂತೂ ಇರಬಾರದು. ಬಲಿತ ಕಾಯಿಯೊಂದು ಬಿದ್ದರೆ ಜೆಲ್‌ಕೋಟ್, ಅಂದರೆ ಫೈಬರಿನ ಮೇಲಿನ ಹೊಳಪಿನ ಪದರ, ನಕ್ಷತ್ರದಂತೆ ಸೀಳುತ್ತದೆ, ಆ ಸೀಳಿನಿಂದ ನೀರು ನಾರಿನೊಳಗೆ ಇಳಿಯುತ್ತದೆ. ಟೈರುಗಳನ್ನು ತೆಗೆದುಬಿಡಿ. ಅವುಗಳಲ್ಲಿ ನಿಂತ ನೀರಿನಲ್ಲಿ ಡೆಂಗಿಯ ಸೊಳ್ಳೆ ಹುಟ್ಟುತ್ತದೆ, ಮನೆಯಲ್ಲಿ ವಯಸ್ಸಾದ ತಾಯಿ ಇದ್ದಾರೆ. ಅದರ ಬದಲು ಮುರಕಲ್ಲುಗಳನ್ನು (ಜಂಬಿಟ್ಟಿಗೆ) ಮೂರು ಕಡೆ ಪೇರಿಸಿ, ಮೇಲೆ ದಪ್ಪ ರಬ್ಬರ್ ಹಾಸಿ, ಭಾರವೆಲ್ಲ ಕೀಲ್, ಅಂದರೆ ತಳದ ನಡುವೆ ಉದ್ದಕ್ಕೂ ಇರುವ ಬೆನ್ನೆಲುಬಿನ, ಮೇಲೆ ಬರುವಂತೆ ಕೂರಿಸಿ. ಎರಡು ಬದಿಗಳಿಗೆ ಕೊಡುವ ಆಧಾರ ದೋಣಿ ವಾಲದಿರಲು ಮಾತ್ರ. ಮರದ ತುಂಡುಗಳನ್ನು ನೆಲಕ್ಕೆ ತಾಗಿಸಿ ಇಟ್ಟರೆ ಗೆದ್ದಲು ಹತ್ತುತ್ತದೆ. ಮುಂಭಾಗವನ್ನು ಒಂದು ಅಡಿಯಷ್ಟು ಎತ್ತರಿಸಿ, ಹಿಂಬದಿಯ ನೀರು ಬಿಡುವ ತಿರುಪನ್ನು ಪೂರ್ತಿ ತೆಗೆದು, ತೂತಿಗೆ ಎಲೆ ಕಟ್ಟದಂತೆ ಒಳಗಿನಿಂದ ಒಂದು ಜಾಲರಿ ಸಿಕ್ಕಿಸಿ. ತೆಗೆದ ತಿರುಪನ್ನು ಎಂಜಿನ್ನಿನ ಕೀಲಿಕೈಗೇ ಕಟ್ಟಿಡಿ, ಆಗ ಅದನ್ನು ಹಾಕದೆ ದೋಣಿ ನೀರಿಗಿಳಿಸುವ ಅಪಾಯವಿಲ್ಲ.

ಮಾಡು ಇರುವ ಕೊಟ್ಟಿಗೆ ಸಿಕ್ಕರೆ ಅದಕ್ಕೆ ಸಮನಾದದ್ದು ಬೇರೊಂದಿಲ್ಲ. ಇಲ್ಲದಿದ್ದರೆ ಅಡಕೆ ದಬ್ಬೆಗಳಿಂದ ದೋಣಿಯ ಮೇಲೆ ಕಡಿದಾದ ಮಾಡಿನಂತೆ ಚೌಕಟ್ಟು ಕಟ್ಟಿ, ಟಾರ್ಪಾಲನ್ನು ಅದರ ಮೇಲೆ ಎಳೆಯಿರಿ. ದೋಣಿಯ ಮೈಗೆ ಅದು ತಾಗಬಾರದು, ಗಾಳಿಗೆ ಪಟಪಟಿಸುವ ಟಾರ್ಪಾಲ್ ಮರಳು ಕಾಗದದಂತೆ ಹೊಳಪನ್ನು ಉಜ್ಜಿ ತೆಗೆಯುತ್ತದೆ. ನೈಋತ್ಯದ ತುದಿಯನ್ನು ತಗ್ಗಿಸಿ, ಈಶಾನ್ಯದ ತುದಿಯನ್ನು ತೆರೆದಿಡಿ. ಬದಿಗಳು ನೆಲದಿಂದ ಎರಡು ಅಡಿ ಮೇಲಿರಲಿ. ಸೀಟಿನ ಮೆತ್ತೆ, ಲೈಫ್ ಜಾಕೆಟ್, ಹಗ್ಗ ಎಲ್ಲವನ್ನೂ ತೊಳೆದು ಒಣಗಿಸಿ ಮನೆಯ ಅಟ್ಟಕ್ಕೆ ಸೇರಿಸಿ. ಸೀಟಿನ ಕೆಳಗಿನ ಪೆಟ್ಟಿಗೆಗಳ ಮುಚ್ಚಳಗಳನ್ನು ತೆರೆದೇ ಇಡಿ.

ಇನ್ನು ಟ್ರಾನ್ಸಮ್. ಸುತ್ತಿಗೆಯ ಮರದ ಹಿಡಿಯಿಂದ ಅಡಿಯಿಂದ ಮೇಲಕ್ಕೆ ತಟ್ಟುತ್ತ ಬನ್ನಿ. ಗಟ್ಟಿ ಭಾಗ ಟಣ್ಣೆನ್ನುತ್ತದೆ, ಕೊಳೆತ ಭಾಗ ಮಂದವಾಗಿ ಸದ್ದು ಮಾಡುತ್ತದೆ. ಒಳಬದಿಯಲ್ಲಿ, ಕೆಳಗೆ, ಸಣ್ಣ ತೂತು ಕೊರೆದಾಗ ಕಂದು ಬಣ್ಣದ ವಾಸನೆಯ ನೀರೋ ಕೊಳೆತ ಹೊಟ್ಟೋ ಬಂದರೆ ಒಳಗಿನ ಪ್ಲೈವುಡ್ ಹೋಗಿದೆ. ನೀರು ಒಳಹೋಗಿದ್ದು ಬಹುಶಃ ಎಂಜಿನ್ ಬೋಲ್ಟುಗಳ ತೂತಿನಿಂದ ಅಥವಾ ನೀರು ಬಿಡುವ ತೂತಿನ ಅಂಚಿನಿಂದ. ಆದರೆ ಈಗ ಮೇ ತಿಂಗಳು, ರಿಪೇರಿಗೆ ಕೈಹಾಕಬೇಡಿ. ತೇವ ಉಳಿದ ಮರದ ಮೇಲೆ ರಾಳ ಹಿಡಿಯುವುದಿಲ್ಲ, ಮಳೆಗಾಲದ ಗಾಳಿಯಲ್ಲಿ ಅದು ಸರಿಯಾಗಿ ಗಟ್ಟಿಯಾಗುವುದೂ ಇಲ್ಲ. ಈಗ ಬೋಲ್ಟುಗಳನ್ನು ತೆಗೆದು, ತೂತುಗಳನ್ನು ತೆರೆದಿಟ್ಟು, ಮಾಡಿನ ಕೆಳಗೆ ಒಣಗಲು ಬಿಡಿ. ನವೆಂಬರ್, ಡಿಸೆಂಬರಿನಲ್ಲಿ ಒಳಗಿನ ಪದರವನ್ನು ಕತ್ತರಿಸಿ, ಕೊಳೆತದ್ದನ್ನೆಲ್ಲ ಕೆತ್ತಿ ತೆಗೆದು, ಐಎಸ್ 710 ಗುರುತಿನ ಮೆರೈನ್ ಪ್ಲೈವುಡ್ಡನ್ನು ಎಪಾಕ್ಸಿಯಿಂದ ಅಂಟಿಸಿ, ಮೇಲೆ ಗಾಜಿನ ನಾರು ಹೊದಿಸಬೇಕು. ಹೊಸ ಬೋಲ್ಟಿನ ತೂತುಗಳನ್ನು ಮೊದಲು ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ನಡುವೆ ಮತ್ತೆ ಕೊರೆಯಿರಿ. ಆಗ ಮರಕ್ಕೂ ನೀರಿಗೂ ನಡುವೆ ಯಾವಾಗಲೂ ಎಪಾಕ್ಸಿಯ ಗೋಡೆಯಿರುತ್ತದೆ. ಈ ಒಂದು ಕೆಲಸದಲ್ಲಿ ಅವಸರ ಮಾಡಿದವರ ದೋಣಿಗಳು ಎರಡೇ ವರ್ಷದಲ್ಲಿ ಮರಳಿ ನಮ್ಮ ಶೆಡ್ಡಿಗೆ ಬಂದಿವೆ.

ಉತ್ತರ – ಅಘನಾಶಿನಿ_ತೀರ (ಕುಮಟಾ)

ನಿಮ್ಮ ಅಜ್ಜನ ಪಾತಿ ದೋಣಿಯ ಬಗ್ಗೆ ಯಾರೂ ಹೇಳದ್ದರಿಂದ ನಾನು ಬರೆಯುತ್ತಿದ್ದೇನೆ. ದಯವಿಟ್ಟು ಮೇಲಿನ ಸಲಹೆಗಳನ್ನು ಅದಕ್ಕೆ ಅನ್ವಯಿಸಬೇಡಿ. ಫೈಬರ್ ದೋಣಿಗೆ ಒಣಗುವುದು ಆರೋಗ್ಯ, ಮರದ ದೋಣಿಗೆ ಅತಿಯಾಗಿ ಒಣಗುವುದೇ ರೋಗ. ಬೇಸಿಗೆಯ ಒಣಗಾಳಿಗೆ ಮರ ಕುಗ್ಗಿ, ಹಲಗೆಗಳ ಸಂದು ಬಾಯಿ ಬಿಡುತ್ತದೆ. ಒಂದೇ ಮರ ಕೊರೆದ ದೋಣಿಯಾದರೆ ತುದಿಗಳಲ್ಲಿ ಉದ್ದುದ್ದ ಸೀಳುತ್ತದೆ. ಆದ್ದರಿಂದ ಅದಕ್ಕೆ ಬೇಕಾದದ್ದು ನೆರಳು, ನಿಧಾನವಾಗಿ ಆಡುವ ಗಾಳಿ, ನೆಲದಿಂದ ಎತ್ತರ ಮತ್ತು ಎಣ್ಣೆ.

ನಮ್ಮ ಮನೆಯಲ್ಲಿ ಮಳೆ ಹಿಡಿಯುವ ಮುನ್ನ ದೋಣಿಯನ್ನು ಉಜ್ಜಿ ತೊಳೆದು, ಎರಡು ಮೂರು ದಿನ ನೆರಳಿನಲ್ಲಿ ಆರಿಸಿ, ಬೂತಾಯಿ ಮೀನಿನ ಎಣ್ಣೆಯನ್ನು ಮರ ಕುಡಿಯುವಷ್ಟು ಬಳಿದು, ಮಗುಚಿ ಇಡುತ್ತಿದ್ದರು. ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಬಳಿಯುವವರೂ ಇದ್ದಾರೆ, ಹುಳುವಿಗೆ ಅದು ಇನ್ನೂ ಗಟ್ಟಿ. ಆದರೆ ಅದು ಚರ್ಮವನ್ನು ಸುಟ್ಟು ಬೊಬ್ಬೆ ಎಬ್ಬಿಸುತ್ತದೆ. ಕೈಗವಸು ಇಲ್ಲದೆ ಮುಟ್ಟಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಮೀನೆಣ್ಣೆಯ ವಾಸನೆ ಕೆಲವು ವಾರ ಅಂಗಳದಲ್ಲೇ ಇರುತ್ತದೆ, ಅದನ್ನು ಸಹಿಸಿಕೊಳ್ಳಬೇಕು.

ಸೀಳುಗಳನ್ನು ಈಗಲೇ ಎಪಾಕ್ಸಿಯಿಂದಲೋ ಪುಟ್ಟಿಯಿಂದಲೋ ತುಂಬಬೇಡಿ. ಒಣಗಿದಾಗ ತುಂಬಿದ ಗಟ್ಟಿ ವಸ್ತು, ಮರ ಉಬ್ಬಿದಾಗ ಬೆಣೆಯಂತೆ ಕೆಲಸ ಮಾಡಿ ಸೀಳನ್ನು ಇನ್ನೂ ದೊಡ್ಡದು ಮಾಡುತ್ತದೆ. ಮಳೆಗಾಲದ ತೇವಗಾಳಿಯಲ್ಲಿ ಮರ ತಾನೇ ಒಂದಿಷ್ಟು ಕೂಡಿಕೊಳ್ಳಲಿ. ಆಗಸ್ಟಿನ ಹೊತ್ತಿಗೆ ಉಳಿದ ಸಂದನ್ನು ಅಳೆದು, ಹತ್ತಿಯ ಎಳೆಯನ್ನು ರಾಳದೊಂದಿಗೆ ಉಳಿಯಿಂದ ಬಡಿದು ಕೂರಿಸುವ ಕೆಲಸ ಬಲ್ಲ ಹಿರಿಯರನ್ನು ಗಂಗೊಳ್ಳಿಯಲ್ಲಿ ವಿಚಾರಿಸಿ. ನೀರಿಗಿಳಿಸುವ ಮುನ್ನ ಒದ್ದೆ ಗೋಣಿ ಹಾಸಿ ಒಂದೆರಡು ದಿನ ನೆನೆಸುವುದನ್ನು ಮರೆಯಬೇಡಿ. ನಮ್ಮ ಹಿರಿಯರು ನೂಲ ಹುಣ್ಣಿಮೆಯ ದಿನ ಕಡಲಿಗೆ ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ದೋಣಿ ಇಳಿಸುತ್ತಿದ್ದರು. ಮರ ತೇವ ಹೀರಿ ಹದಕ್ಕೆ ಬರುವ ಕಾಲವೂ ಅದೇ.

ಉತ್ತರ – ಸರೋವರ_ಸೀಮೆ (ಮಿಷಿಗನ್)

ಇಲ್ಲಿ ಹತ್ತು ವರ್ಷಗಳಿಂದ ಸಣ್ಣ ದೋಣಿ ಇಟ್ಟುಕೊಂಡಿರುವ ಕನ್ನಡಿಗ ನಾನು. ಅಂತರ್ಜಾಲದಲ್ಲಿ ಹುಡುಕಿದರೆ ನಿಮಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ನಮ್ಮಂಥ ಹಿಮದ ಊರುಗಳಿಗಾಗಿ ಬರೆದವು. ಅವುಗಳಲ್ಲಿ ಯಾವುದನ್ನು ಬಿಡಬೇಕೆಂದು ಹೇಳುವುದು ಉಪಯೋಗವಾದೀತು. ನಮಗಿರುವ ದೊಡ್ಡ ಭಯ ಹೆಪ್ಪುಗಟ್ಟುವ ನೀರು. ಅದು ಶೇ. 9ರಷ್ಟು ಹಿಗ್ಗಿ ಎಂಜಿನ್ನಿನ ಎರಕವನ್ನೇ ಸೀಳುತ್ತದೆ. ಅದಕ್ಕಾಗಿ ಒಳಗೆ ಕೂರಿಸಿದ ಎಂಜಿನ್ನುಗಳಿಗೆ ಗುಲಾಬಿ ಬಣ್ಣದ ಆಂಟಿಫ್ರೀಜ್ ತುಂಬಿಸುತ್ತೇವೆ. ನಿಮಗೆ ಅದರ ಅಗತ್ಯವೇ ಇಲ್ಲ. ಇಲ್ಲಿ ದೋಣಿಯನ್ನು ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಸುತ್ತುತ್ತಾರೆ. ಒಣ ಚಳಿಗೆ ಅದು ಹೊಂದುತ್ತದೆ, ಆದರೂ ಗಾಳಿ ಕಿಂಡಿಗಳನ್ನು ಇಟ್ಟೇ ಇಡುತ್ತೇವೆ. ಕುಂದಾಪುರದ ಜುಲೈಗೆ ಅದು ಸಲ್ಲದು. ಟ್ಯಾಂಕನ್ನು ತುಂಬಿಸಿ, ಪೆಟ್ರೋಲ್ ಕೆಡದಂತೆ ಸ್ಟೆಬಿಲೈಜರ್ ಹಾಕಿಡಿ ಎಂಬ ಸಲಹೆಯೂ ದೋಣಿಯೊಳಗೇ ಕಟ್ಟಿದ, ಖಾಲಿ ಮಾಡಲಾಗದ ಟ್ಯಾಂಕುಗಳಿಗೆ ಸಂಬಂಧಿಸಿದ್ದು. ನಿಮ್ಮದು ಎತ್ತಿ ಒಯ್ಯುವ ಟ್ಯಾಂಕಾದರೆ ಮಲ್ಪೆಯವರು ಹೇಳಿದಂತೆ ಖಾಲಿ ಮಾಡುವುದೇ ಸರಿ.

ಎರಡೂ ಕಡೆಗೆ ಹೊಂದುವ ಒಂದು ಮಾತೆಂದರೆ ಇಲಿ. ಗೂಡು ಕಟ್ಟಲು ಅವಕ್ಕೆ ಎಂಜಿನ್ನಿನ ಮುಚ್ಚಳದ ಒಳಗಿನಷ್ಟು ಒಳ್ಳೆಯ ಜಾಗ ಬೇರೆ ಸಿಗದು, ವೈರುಗಳನ್ನೂ ಕಡಿಯುತ್ತವೆ. ತಿಂಗಳಿಗೊಮ್ಮೆ ಬಂದಾಗ ಮುಚ್ಚಳ ತೆಗೆದು ನೋಡಿ.

ಪಂಚಗಂಗಾವಳಿ_ದಡ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಈ ಶನಿವಾರ ಊರಿಗೆ ಬಂದು ಟ್ರಾನ್ಸಮ್ಮನ್ನು ತಟ್ಟಿ ನೋಡಿದೆ. ಬಲಬದಿಯ ಕೆಳಗಿನ ಬೋಲ್ಟಿನ ಸುತ್ತ ಎರಡು ಅಂಗೈಯಷ್ಟು ಜಾಗ ಮಂದವಾಗಿದೆ, ತೂತು ಕೊರೆದಾಗ ಕಂದು ನೀರೇ ಬಂತು. ಎಂಜಿನ್ನನ್ನು ಇಳಿಸಿ ಹಿಂದಿನ ಜಗಲಿಯಲ್ಲಿ ನಿಲ್ಲಿಸಿದ್ದೇನೆ. ಪ್ರೊಪೆಲರ್ ಬಿಚ್ಚಿದಾಗ ನೈಲಾನ್ ದಾರದ ಉಂಡೆಯೂ ಸಿಕ್ಕಿತು, ಸೀಲ್ ಬದಲಿಸಲು ಕೊಡುತ್ತೇನೆ. ಬಾವಿಯ ನೀರು ನಿಜಕ್ಕೂ ಉಪ್ಪಾಗಿತ್ತು. ಕಳೆದ ವರ್ಷ ಅದರಿಂದಲೇ ತೊಳೆದಿದ್ದೆ. ಪಾತಿ ದೋಣಿಯನ್ನು ಕೊಟ್ಟಿಗೆಯ ಬಿಸಿಲು ಬೀಳುವ ಬದಿಯಿಂದ ಸರಿಸಿ, ಮೀನೆಣ್ಣೆಗೆ ಹೇಳಿಟ್ಟಿದ್ದೇನೆ.

ಒಂದೇ ಸಂದೇಹ ಉಳಿದಿದೆ. ಇಂಪೆಲರನ್ನು ಈಗ ಬದಲಿಸಬೇಕೋ, ಅಕ್ಟೋಬರಿನಲ್ಲೋ?

ಎಂಜಿನ್_ಕೊಟ್ಟಿಗೆ

ಅಕ್ಟೋಬರಿನಲ್ಲಿ. ನಾಲ್ಕು ತಿಂಗಳು ಅಲುಗದೆ ನಿಂತರೆ ಹೊಸ ರಬ್ಬರಿನ ಎಸಳುಗಳೂ ಮಡಚಿದ ಆಕಾರಕ್ಕೇ ಕೂತುಬಿಡುತ್ತವೆ. ಸೀಲಿನ ಕೆಲಸಕ್ಕೆ ಕೊಟ್ಟಾಗ ಬಿಡಿಭಾಗವನ್ನು ಮಾತ್ರ ತರಿಸಿ ಇಟ್ಟುಕೊಳ್ಳಿ, ಋತು ಶುರುವಾದ ಮೇಲೆ ಅದು ಸಿಗಲು ತಡವಾಗುತ್ತದೆ.

ನಾರುಗಾಜು

ಬೆಂಗಳೂರಿಗೆ ಹೊರಡುವ ಮುನ್ನ, ಎಲ್ಲವನ್ನೂ ಕಟ್ಟಿ ಮುಗಿಸಿದ ಮೇಲೆ, ಒಂದು ಕೊಡ ನೀರನ್ನು ದೋಣಿಯ ಮುಂಭಾಗದಲ್ಲಿ ಸುರಿದು ಹಿಂದೆ ಹೋಗಿ ನಿಲ್ಲಿ. ಸುರಿದದ್ದೆಲ್ಲ ತೂತಿನಿಂದ ಹೊರಗೆ ಬರಬೇಕು. ಎಲ್ಲಾದರೂ ನಿಂತರೆ ಮುಂದಿನ ಮುರಕಲ್ಲಿನ ಮೇಲೆ ಇನ್ನೊಂದು ಕಲ್ಲು ಏರಿಸಿ, ಮತ್ತೊಮ್ಮೆ ಸುರಿದು ನೋಡಿ.